ಕೊಸರಿಗೆ ಕಲಂ ಇಲ್ಲ

ನಮ್ಮ ದೊಡ್ಡಪ್ಪನ ದಿನಸಿ ಅಂಗಡಿಯಲ್ಲಿ ದೇವರ ಪಟಗಳಿಗಿಂತ ಲೈಸೆನ್ಸುಗಳೇ ಹೆಚ್ಚಿದ್ದವು. ಗಲ್ಲಾಪೆಟ್ಟಿಗೆಯ ಹಿಂದಿನ ಗೋಡೆಯಲ್ಲಿ ಮೇಲಿನ ಸಾಲು ದೇವರದ್ದು: ತಿರುಪತಿ ತಿಮ್ಮಪ್ಪ, ಲಕ್ಷ್ಮಿ, ಧರ್ಮಸ್ಥಳದ ಮಂಜುನಾಥ. ಕೆಳಗಿನ ಎರಡು ಸಾಲು ಸರ್ಕಾರದ್ದು: ಆಹಾರಧಾನ್ಯ ಮಾರುವುದಕ್ಕೊಂದು, ಎಣ್ಣೆಗೊಂದು, ಸಕ್ಕರೆಗೊಂದು, ಸೀಮೆಎಣ್ಣೆಗೊಂದು, ಪುರಸಭೆಯದೊಂದು, ಸೇಲ್ಸ್ ಟ್ಯಾಕ್ಸಿನದೊಂದು. ಎಲ್ಲಕ್ಕೂ ಒಂದೇ ಅಳತೆಯ ಗಾಜಿನ ಕಟ್ಟು. ಬೆಳಿಗ್ಗೆ ಬಾಗಿಲು ತೆಗೆದೊಡನೆ ದೊಡ್ಡಪ್ಪ ಊದುಬತ್ತಿ ಹಚ್ಚಿ ಮೂರು ಸಾಲಿಗೂ ಬೆಳಗುತ್ತಿದ್ದರು. ಲೈಸೆನ್ಸಿಗೆ ಯಾಕೆ ಊದುಬತ್ತಿ ಎಂದು ಕೇಳಿದರೆ, "ತಿಮ್ಮಪ್ಪ ಮುನಿದರೆ ಮುಡಿ ಕೊಟ್ಟು ಸಮಾಧಾನ ಮಾಡಬಹುದು ಕಣೋ. ರಿನ್ಯೂವಲ್ಲು ತಪ್ಪಿದರೆ ತಾಲ್ಲೂಕು ಕಚೇರಿಯಲ್ಲಿ ಮುಡಿ ಕೊಡ್ತೀನಿ ಅಂದ್ರೂ ಕೇಳಲ್ಲ" ಎನ್ನುತ್ತಿದ್ದರು.

ಇದು ಎಪ್ಪತ್ತರ ದಶಕದ ನಡುವಿನ ಮಾತು. ರಾಜಾಜಿಯವರು 'ಲೈಸೆನ್ಸ್-ಪರ್ಮಿಟ್-ಕೋಟಾ ರಾಜ್' ಎಂದು ಹೆಸರಿಟ್ಟು ಹಂಗಿಸಿದ ವ್ಯವಸ್ಥೆಯ ಮಧ್ಯಾಹ್ನ ಅದು. 1951ರ ಕೈಗಾರಿಕೆಗಳ ಕಾಯ್ದೆಯ ಪ್ರಕಾರ ದೊಡ್ಡ ಕಾರ್ಖಾನೆಯವರು ಏನು ತಯಾರಿಸಬೇಕು, ಎಲ್ಲಿ, ಎಷ್ಟು ಎಂಬುದಕ್ಕೆಲ್ಲ ದೆಹಲಿಯ ಅಪ್ಪಣೆ ಬೇಕಿತ್ತು. ಪುಸ್ತಕಗಳಲ್ಲಿ ಬರುವುದೆಲ್ಲ ಅವರ ಕಷ್ಟವೇ. ಆದರೆ 1955ರ ಅಗತ್ಯ ವಸ್ತುಗಳ ಕಾಯ್ದೆಯ ಬಾಲ ನಮ್ಮೂರಿನ ಸಂತೆಬೀದಿಯ ತನಕ ಬಂದಿತ್ತು. ದೊಡ್ಡಪ್ಪ ರಾಜಾಜಿಯವರನ್ನು ಓದಿದವರಲ್ಲ. ಅಕ್ಕಿಮೂಟೆ ಎಷ್ಟಿದೆ ಎಂದು ದಿನಾ ಸಂಜೆ ರಿಜಿಸ್ಟರಿನಲ್ಲಿ ಬರೆದವರು.

ತುರ್ತುಪರಿಸ್ಥಿತಿ ಬಂದಾಗ ಅಂಗಡಿಯ ಮುಂದೆ ದರಪಟ್ಟಿಯ ಬೋರ್ಡು ಇಡುವುದು ಬಲು ಬಿಗಿಯಾಯಿತು. ಅಕ್ಷರ ದುಂಡಗಿದೆ ಎಂಬ ಒಂದೇ ಕಾರಣಕ್ಕೆ ಆ ಕೆಲಸ ನನ್ನ ಪಾಲಿಗೆ ಬಂತು. ಕರಿಹಲಗೆಯ ಮೇಲೆ ಎಡಕ್ಕೆ ಪದಾರ್ಥ, ನಡುವೆ ದಾಸ್ತಾನು, ಬಲಕ್ಕೆ ದರ. ಸಕ್ಕರೆಯ ಮುಂದೆ 'ಇಲ್ಲ', ಮೈದಾ 'ಇಲ್ಲ', ಸೀಮೆಎಣ್ಣೆ 'ಇಲ್ಲ'. ಇಲ್ಲದ್ದಕ್ಕೂ ದರ ಮಾತ್ರ ಬರೆಯಲೇಬೇಕಿತ್ತು. ಒಂದು ದಿನ ಹಳ್ಳಿಯಿಂದ ಬಂದ ಮುದುಕರೊಬ್ಬರು ಬೋರ್ಡನ್ನು ನಿಧಾನವಾಗಿ ಓದಿ, "ಇಲ್ಲದ ಸಕ್ಕರೆ ಇಷ್ಟು ಅಗ್ಗ ಐತಲ್ಲ ಮಗ, ಎಲ್ಡು ಸೇರು ಹಾಕು" ಎಂದರು. ದೊಡ್ಡಪ್ಪ ನಕ್ಕು, ಆಮೇಲೆ ರಸ್ತೆಯ ಎರಡೂ ಕಡೆ ನೋಡಿದರು. ನಗುವುದಕ್ಕೂ ಹೆದರುವ ಕಾಲ.

ಅಂಗಡಿಗೆ ಬರುತ್ತಿದ್ದ ಸರ್ಕಾರದಲ್ಲಿ ಬಗೆಬಗೆ. ಸೇಲ್ಸ್ ಟ್ಯಾಕ್ಸಿನವರು ಕೂತು ಲೆಕ್ಕದ ಪುಸ್ತಕ ತಿರುವುವವರು, ಅವರಿಗೆ ಕಾಫಿ. ಲೇಬರ್ ಇನ್‌ಸ್ಪೆಕ್ಟರು ವಾರದ ರಜೆಯ ದಿನ ಅರ್ಧ ಬಾಗಿಲು ತೆಗೆದಿದೆಯೇ ಎಂದು ನೋಡಲು ಸೈಕಲ್ಲಿನಲ್ಲಿ ಹಾಯುವವರು; ಅವರಿಗೆ ನಮಸ್ಕಾರ. ಕಲಬೆರಕೆ ಹಿಡಿಯುವ ಫುಡ್ ಇನ್‌ಸ್ಪೆಕ್ಟರು ಎಲ್ಲರಿಗಿಂತ ಬೇರೆ. 1954ರ ಕಾಯ್ದೆಯಂತೆ ಅವರು ತೊಗರಿಬೇಳೆಯನ್ನೋ ಮೆಣಸಿನಪುಡಿಯನ್ನೋ ತೆಗೆದು, ಮೂರು ಪಾಲು ಮಾಡಿ, ಮೂರು ಸೀಸೆಗೆ ತುಂಬಿ, ಅರಗಿನ ಮುದ್ರೆ ಒತ್ತಿ, ಒಂದನ್ನು ಪರೀಕ್ಷೆಗೆ ಕಳಿಸಬೇಕು. ತೆಗೆದುಕೊಂಡ ಮಾದರಿಗೆ ದುಡ್ಡನ್ನೂ ಕೊಡಬೇಕು. ದೊಡ್ಡಪ್ಪ ಆ ದುಡ್ಡು ತೆಗೆದುಕೊಳ್ಳಲು ಒಲ್ಲರು, ಇನ್‌ಸ್ಪೆಕ್ಟರು ಕೊಡದೆ ಬಿಡರು. ನಮ್ಮ ಅಂಗಡಿಯಲ್ಲಿ ಚೌಕಾಸಿ ಮಾಡದೆ, ಸಾಲ ಹೇಳದೆ, ರಸೀದಿ ಕೇಳಿ ಪಡೆದು ಸಾಮಾನು ಒಯ್ದ ಗಿರಾಕಿ ಅವರೊಬ್ಬರೇ. ಅವರು ಬೀದಿಯ ಆ ತುದಿಯಲ್ಲಿ ಕಂಡರೆ ಈ ತುದಿಯ ಅಂಗಡಿಗಳೆಲ್ಲ ಬಾಗಿಲು ಹಾಕುತ್ತಿದ್ದವು.

ಇವರೆಲ್ಲರ ನಡುವೆ ದೊಡ್ಡಪ್ಪ ನಿಜವಾಗಿ ಮರ್ಯಾದೆ ಕೊಡುತ್ತಿದ್ದದ್ದು ತೂಕ-ಅಳತೆ ಇಲಾಖೆಯವರಿಗೆ. ಉಳಿದವರು ಕಾಗದ ನೋಡುವವರು, ಇವರು ಕೈ ನೋಡುವವರು ಎಂಬುದು ಅವರ ವಾದ.

ನಮ್ಮ ನಾಡಿನ ಅಳತೆಯ ಕತೆ ಸಣ್ಣದಲ್ಲ. 1956ರ ನವೆಂಬರಿನಲ್ಲಿ ಮೈಸೂರು, ಮುಂಬಯಿ, ಹೈದರಾಬಾದು, ಮದರಾಸು, ಕೊಡಗಿನ ಕನ್ನಡಿಗರು ಒಂದು ರಾಜ್ಯಕ್ಕೆ ಬಂದರು. ಬರುವಾಗ ತಂತಮ್ಮ ಸೇರುಗಳನ್ನೂ ತಂದರು. ಕಚ್ಚಾ ಸೇರು, ಪಕ್ಕಾ ಸೇರು, ಅಚ್ಚೇರು, ಪಾವು, ಚಟಾಕು, ಸೊಲಿಗೆ, ಬಳ್ಳ, ಕೊಳಗ, ಖಂಡುಗ, ಮಣ. ಒಂದು ಊರಿನ ಸೇರು ಹೊಳೆ ದಾಟಿದರೆ ಇನ್ನೊಂದಾಗುತ್ತಿತ್ತು. ಅದೇ ವರ್ಷದ ಡಿಸೆಂಬರಿನಲ್ಲಿ ಸಂಸತ್ತು ತೂಕ ಮತ್ತು ಅಳತೆಗಳ ಮಾನಕ ಕಾಯ್ದೆ ಮಾಡಿತು. 1957ರ ಏಪ್ರಿಲ್ 1ಕ್ಕೆ ನಯಾಪೈಸೆ ಬಂತು. 1958ರ ಅಕ್ಟೋಬರಿನಿಂದ ಹಂತಹಂತವಾಗಿ ಕಿಲೋಗ್ರಾಂ ಬಂತು. ತಾತನ ಕಾಲದ ಹಿತ್ತಾಳೆ ಸೇರು ಅಂಗಡಿಯಿಂದ ಗಡೀಪಾರಾಗಿ ಅಟ್ಟ ಸೇರಿತು. ಪಾವು ಮಾತ್ರ ಜಾಣತನದಿಂದ ಅಡುಗೆಮನೆಗೆ ಜಾರಿಕೊಂಡಿತು. ಅಲ್ಲಿಗೆ ಯಾವ ಇನ್‌ಸ್ಪೆಕ್ಟರೂ ಬರುವಂತಿರಲಿಲ್ಲ. ಬಂದಿದ್ದರೆ ನಮ್ಮ ದೊಡ್ಡಮ್ಮ ಅವರನ್ನೇ ಅಳೆದು ಕಳಿಸುತ್ತಿದ್ದರು. ಇವತ್ತಿಗೂ ನಮ್ಮ ಮನೆಯಲ್ಲಿ ಅನ್ನಕ್ಕೆ ಅಕ್ಕಿ ಇಡುವುದು ಅದೇ ಪಾವಿನಲ್ಲಿ. ಕರೆಂಟಿನ ಕುಕ್ಕರಿನ ಜೊತೆ ಬಂದ ಪ್ಲಾಸ್ಟಿಕ್ ಲೋಟದಲ್ಲಿ ಈಗ ಸಾಸಿವೆ ಇದೆ.

ಈ ಇಲಾಖೆಯವರ ಮುದ್ರೆಯ ಕ್ಯಾಂಪು ಬಂದರೆ ಊರಿನಲ್ಲಿ ತಮಟೆ ಬಾರಿಸಿ ಸಾರುತ್ತಿದ್ದರು. ಸಂತೆಮಾಳದ ಅರಳಿಮರದ ಕೆಳಗೆ ಮೇಜು, ಕುರ್ಚಿ. ವರ್ತಕರೆಲ್ಲ ತಂತಮ್ಮ ತಕ್ಕಡಿ, ತೂಕದ ಬಟ್ಟುಗಳನ್ನು ಗೋಣಿಚೀಲದಲ್ಲಿ ಹೊತ್ತು ಸಾಲಾಗಿ ನಿಲ್ಲಬೇಕು. ಎಣ್ಣೆಗಾಣದವರು ಲೀಟರು ಅರ್ಧಲೀಟರುಗಳ ಸರ ಹಿಡಿದು, ಬಟ್ಟೆ ಅಂಗಡಿಯವರು ಕಬ್ಬಿಣದ ಮೀಟರು ಹೆಗಲಿಗಿಟ್ಟು, ಅಕ್ಕಸಾಲಿಗರು ಪುಟ್ಟ ಹಿತ್ತಾಳೆ ಬಟ್ಟುಗಳ ಡಬ್ಬಿಯನ್ನು ಜೇಬಿನಲ್ಲಿಟ್ಟು. ವರ್ಷವಿಡೀ ಕೊಳ್ಳುವವರನ್ನು ಕಾಯಿಸಿದವರು ಅವತ್ತು ಬಿಸಿಲಲ್ಲಿ ಕಾಯುತ್ತಿದ್ದರು. ನೋಡಲು ಊರಿನ ಹೆಂಗಸರು ನೀರಿಗೆ ಹೋಗುವ ದಾರಿಯನ್ನು ಅವತ್ತಿನ ಮಟ್ಟಿಗೆ ಸಂತೆಮಾಳದ ಮೇಲೆ ಹಾಕಿಕೊಳ್ಳುತ್ತಿದ್ದರು.

ಇನ್‌ಸ್ಪೆಕ್ಟರು ಮೊದಲು ತಮ್ಮ ಮರದ ಪೆಟ್ಟಿಗೆ ತೆರೆಯುತ್ತಿದ್ದರು. ಒಳಗೆ ಮಖಮಲ್ಲಿನ ಗುಳಿಗಳಲ್ಲಿ ಹೊಳೆಯುವ ಮಾನಕ ಬಟ್ಟುಗಳು. ಮದುವೆಮನೆಯಲ್ಲಿ ಗಂಡಿನ ಕಡೆಯವರು ಒಡವೆ ತೋರಿಸುವ ಹಾಗೆ, ಎಲ್ಲರೂ ನೋಡಿದರೆಂದು ಖಾತ್ರಿಯಾಗುವ ತನಕ ಮುಚ್ಚಳ ಪೂರ್ತಿ ತೆರೆದಿಡುತ್ತಿದ್ದರು. ಬರಿಗೈಯಲ್ಲಿ ಮುಟ್ಟುವಂತಿಲ್ಲ, ಬೆರಳಿನ ಬೆವರೂ ತೂಕವೇ. ಆ ಬಟ್ಟುಗಳ ವಂಶ ದೊಡ್ಡದೆಂದು ನನಗೆ ಗೊತ್ತಾದದ್ದು ಬಹಳ ತಡವಾಗಿ. ಇನ್‌ಸ್ಪೆಕ್ಟರ ಬಟ್ಟನ್ನು ಅದಕ್ಕಿಂತ ಮೇಲಿನ ದರ್ಜೆಯ ಬಟ್ಟಿನೊಡನೆ, ಅದನ್ನು ಇನ್ನೂ ಮೇಲಿನದರೊಡನೆ ತೂಗಿ ತೂಗಿ ಹೋದರೆ ದೆಹಲಿಯ ರಾಷ್ಟ್ರೀಯ ಭೌತ ಪ್ರಯೋಗಾಲಯದಲ್ಲಿರುವ ಪ್ಲಾಟಿನಂ-ಇರಿಡಿಯಂ ಕಿಲೋ ಸಿಗುತ್ತದೆ. ಅದರ ನಂಬರು 57. ಅದರ ಮೂಲಪುರುಷ ಪ್ಯಾರಿಸ್ಸಿನ ಹತ್ತಿರದ ಸೆವ್ರ್ ಎಂಬಲ್ಲಿ ಗಾಜಿನ ಬುರುಡೆಗಳ ಒಳಗೆ. ನಮ್ಮ ದೊಡ್ಡಪ್ಪನ ಜಿಡ್ಡುಗಟ್ಟಿದ ಕಬ್ಬಿಣದ ಬಟ್ಟಿಗೆ ಫ್ರಾನ್ಸಿನಲ್ಲಿ ನೆಂಟಸ್ತಿಕೆ! 2019ರ ಮೇ 20ರಂದು ಆ ಮೂಲಪುರುಷನನ್ನು ಪಟ್ಟದಿಂದ ಇಳಿಸಿ, ಕಿಲೋಗ್ರಾಮನ್ನು ಪ್ಲಾಂಕ್ ಎಂಬ ವಿಜ್ಞಾನಿಯ ಹೆಸರಿನ ಸ್ಥಿರಾಂಕಕ್ಕೆ ಕಟ್ಟಿಹಾಕಿದರು. ಹೊಸ ಯಜಮಾನನಿಗೆ ತೂಕವೂ ಇಲ್ಲ, ಆಕಾರವೂ ಇಲ್ಲ. ಪೆಟ್ಟಿಗೆಯಲ್ಲಿಟ್ಟು ಯಾರಿಗೂ ತೋರಿಸುವಂತಿಲ್ಲ.

ಕ್ಯಾಂಪಿನಲ್ಲಿ ಇಲಾಖೆಯ ಲೈಸೆನ್ಸು ಪಡೆದ ತಕ್ಕಡಿ ರಿಪೇರಿಯವರೂ ಇರುತ್ತಿದ್ದರು. ಕಬ್ಬಿಣದ ಬಟ್ಟಿನ ತಳದಲ್ಲಿ ಒಂದು ಗುಳಿ, ಅದರಲ್ಲಿ ಸೀಸ. ತೂಕ ಕಡಿಮೆಯಾದರೆ ಸೀಸ ಕಾಯಿಸಿ ಹೊಯ್ಯುವುದು, ಹೆಚ್ಚಾದರೆ ಕೆತ್ತುವುದು. ಸರಿಬಂದ ಮೇಲೆ ಇನ್‌ಸ್ಪೆಕ್ಟರು ಆ ಸೀಸದ ಮೇಲೆ ಉಕ್ಕಿನ ಅಚ್ಚಿಟ್ಟು ಸುತ್ತಿಗೆಯಲ್ಲಿ ಒಂದೇ ಏಟು. ವರ್ಷದ ಗುರುತು, ಜೊತೆಗೆ ವರ್ಷದ ಯಾವ ಮೂರು ತಿಂಗಳೆಂದು ಹೇಳುವ ಎ, ಬಿ, ಸಿ, ಡಿ. ಇಂಗ್ಲಿಷಿನ ಮೊದಲ ನಾಲ್ಕು ಅಕ್ಷರವನ್ನು ನಮ್ಮೂರಿನ ಅನೇಕ ವರ್ತಕರು ಕಲಿತದ್ದು ಬಟ್ಟಿನ ಬುಡದಲ್ಲಿ.

ಒಂದು ವರ್ಷ ದೊಡ್ಡಪ್ಪನ ಸರದಿ ಬಂದಾಗ ಇನ್‌ಸ್ಪೆಕ್ಟರು ತಲೆ ಅಲ್ಲಾಡಿಸಿದರು. "ಯಜಮಾನ್ರೇ, ಈ ಐದು ಕೆಜಿ ಬಟ್ಟು ಪಾಸಾಗಲ್ಲ."

ಸಾಲಿನಲ್ಲಿದ್ದ ವರ್ತಕರೆಲ್ಲ ಕಿವಿ ನಿಮಿರಿಸಿದರು. ದೊಡ್ಡಪ್ಪನ ಗಂಟಲು ಒಣಗಿತು. "ಎಷ್ಟು ಕಮ್ಮಿ ಐತೆ ಸ್ವಾಮಿ?"

"ಕಮ್ಮಿ ಅಲ್ಲ, ಜಾಸ್ತಿ."

ಹೋದ ಜೀವ ಬಂದಿತು, ಜೊತೆಗೆ ಧೈರ್ಯವೂ. "ಜಾಸ್ತಿ ಇದ್ದರೆ ನನ್ನ ಗಂಟು ತಾನೆ ಹೋಗೋದು? ಗಿರಾಕಿಗೆ ಒಂದಿಷ್ಟು ಹೆಚ್ಚಿಗೆ ಹೋದರೆ ಸರ್ಕಾರಕ್ಕೇನು ನಷ್ಟ?"

ಇನ್‌ಸ್ಪೆಕ್ಟರು ಕನ್ನಡಕ ತೆಗೆದು ಒರೆಸಿದರು. "ಮಾರೋವಾಗ ಸರಿ. ಹಳ್ಳಿಯೋರ ಹತ್ರ ರಾಗಿ, ಹುರುಳಿ ಕೊಳ್ತೀರಲ್ಲ, ಆಗ ಯಾವ ಬಟ್ಟಲ್ಲಿ ತೂಗ್ತೀರಿ?"

ದೊಡ್ಡಪ್ಪ ಮಾತಾಡಲಿಲ್ಲ. ಅವರು ಮೋಸಗಾರರಲ್ಲ, ಆ ಬಟ್ಟಿಗೆ ವರ್ಷಗಳ ಬೆಲ್ಲದ ಪಾಕ, ಕೊಬ್ಬರಿ ಎಣ್ಣೆ, ಹಿಟ್ಟು, ಧೂಳು ಪದರಪದರವಾಗಿ ಮೆತ್ತಿಕೊಂಡಿತ್ತು. ಆದರೆ ಅದೇ ಬಟ್ಟು ಮಾರುವಾಗ ಪುಣ್ಯವನ್ನೂ ಕೊಳ್ಳುವಾಗ ಪಾಪವನ್ನೂ ತೂಗುತ್ತಿತ್ತೆಂದು ಅವರಿಗೆ ಹೊಳೆದದ್ದು ಆ ಗಳಿಗೆಯಲ್ಲಿ. ನಾನೂ ಆಳು ಹುಡುಗನೂ ಕೂತು ಹುಣಸೆಹಣ್ಣು, ಬೂದಿ ಹಾಕಿ ಬಟ್ಟನ್ನು ಉಜ್ಜಿದೆವು. ಮತ್ತೆ ತೂಗಿದಾಗ ಮುಳ್ಳು ನೆಟ್ಟಗೆ ನಿಂತಿತು. ಸುತ್ತಿಗೆ ಬಿತ್ತು. ಅಂದಿನಿಂದ ಆಯುಧಪೂಜೆಗೆ ಮಾತ್ರ ಸ್ನಾನ ಕಾಣುತ್ತಿದ್ದ ಬಟ್ಟುಗಳಿಗೆ ಪ್ರತಿ ಅಮಾವಾಸ್ಯೆ ಅಭ್ಯಂಜನ. ನಿಯಂತ್ರಣ ಎಂದರೆ ಸರ್ಕಾರ ಮೂಗು ತೂರಿಸುವುದು ಎಂದು ಈಗ ಸಲೀಸಾಗಿ ಹೇಳುವವರನ್ನು ಕಂಡಾಗ ನನಗೆ ಆ ಒಂದು ಪ್ರಶ್ನೆ ನೆನಪಾಗುತ್ತದೆ. ಸೈಕಲ್ಲಿನಲ್ಲಿ ಬಂದು, ಟ್ರಾವೆಲರ್ಸ್ ಬಂಗಲೆಯಲ್ಲಿ ಸೊಳ್ಳೆ ಕಚ್ಚಿಸಿಕೊಂಡು ಮಲಗಿ ಹೋಗುತ್ತಿದ್ದ ಆ ಮನುಷ್ಯ, ಸಾಲಿನಲ್ಲಿ ನಿಲ್ಲದ, ದೂರು ಕೊಡಲು ಬಾರದ ರಾಗಿಯವನ ಪರವಾಗಿ ಕೇಳಿದ ಪ್ರಶ್ನೆ ಅದು.

ಎಲ್ಲ ಇನ್‌ಸ್ಪೆಕ್ಟರೂ ಹಾಗಿದ್ದರೆಂದು ಹೇಳಿದರೆ ದೊಡ್ಡಪ್ಪನ ಆತ್ಮವೇ ನಕ್ಕೀತು. ದೀಪಾವಳಿಗೆ ಮುಂಚೆ ಹೊಸ ಹೊಸ ನಿಯಮಗಳು ನೆನಪಾಗುವವರೂ ಇದ್ದರು. ಆ ಖರ್ಚನ್ನು ದೊಡ್ಡಪ್ಪ ಲೆಕ್ಕದ ಪುಸ್ತಕದಲ್ಲಿ 'ಇಲಿ ಕಾಟ' ಎಂದು ಬರೆಯುತ್ತಿದ್ದರು. ಒಂದು ತಿಂಗಳು ಇಲಿ ವಿಪರೀತವಾಗಿ ತಿಂದದ್ದು ನೋಡಿ ದೊಡ್ಡಮ್ಮ ಬೆಕ್ಕು ತಂದು ಸಾಕಿದರು.

ಆದರೆ ಈ ಕಾವಲಿಗೆಲ್ಲ ಸಿಕ್ಕದೆ ಅಂಗಡಿಯಲ್ಲಿ ಒಂದು ಪದಾರ್ಥ ಓಡಾಡುತ್ತಿತ್ತು. ಅದೇ ಕೊಸರು.

ತೂಗಿಯಾದ ಮೇಲೆ, ಮುಳ್ಳು ನಿಂತ ಮೇಲೆ, ಪೊಟ್ಟಣ ಕಟ್ಟುವ ಮುಂಚೆ, ಇನ್ನೊಂದು ಚಿಟಿಕೆ. ಕಡಲೆಬೇಳೆಯ ಮೇಲೆ ನಾಲ್ಕು ಕಾಳು, ಎಣ್ಣೆಯ ಮೇಲೆ ಒಂದು ತೊಟ್ಟು, ಮಗು ಜೊತೆಗಿದ್ದರೆ ಅದರ ಅಂಗೈಗೆ ಹುರಿಗಡಲೆ, ಬೆಲ್ಲದ ಚೂರು. ಕೇಳದೆ ಕೊಟ್ಟರೆ ಅಂಗಡಿಯವನ ಮರ್ಯಾದೆ. ಕೇಳಿ ಹಾಕಿಸಿಕೊಂಡರೆ ಗಿರಾಕಿಯ ಹಕ್ಕು. ಕಾಳು ಅಳೆಯುವಾಗ ದೊಡ್ಡಪ್ಪ ಮೊದಲ ಅಳತೆಗೆ 'ಒಂದು' ಎನ್ನದೆ 'ಲಾಭ' ಎನ್ನುತ್ತಿದ್ದರು. ಲಾಭ, ಎರಡು, ಮೂರು. ಎಣಿಕೆ ಲಾಭದಿಂದ ಶುರುವಾಗಿ ಕೊಸರಿನಲ್ಲಿ ಮುಗಿಯುತ್ತಿತ್ತು. ನಡುವೆ ಇದ್ದದ್ದಷ್ಟೇ ಸರ್ಕಾರದ ವ್ಯಾಪ್ತಿಗೆ ಬರುವ ವ್ಯಾಪಾರ.

ಕೊಸರಿನಲ್ಲಿ ಸಮಾನತೆ ಇತ್ತೆಂದು ಭ್ರಮೆ ಬೇಡ. ಸಾಲ ಬಾಕಿ ಇಟ್ಟವರಿಗೆ ಕೊಸರು ತೆಳ್ಳಗೆ; ಮೇಷ್ಟರ ಮನೆಗೆ ಗಟ್ಟಿ. ಬಾಣಂತಿಯ ಮನೆಗೆ ಹೋಗುವ ತುಪ್ಪಕ್ಕೆ ಕೊಸರೇ ಒಂದು ಪಾವು ಆಗುತ್ತಿತ್ತು. ಯಾವ ರಿಜಿಸ್ಟರಿನಲ್ಲೂ ಇದು ಇರಲಿಲ್ಲ. ಕಡಿಮೆ ಕೊಟ್ಟರೆ ಹಿಡಿಯಲು ಕಾಯ್ದೆಯಲ್ಲಿ ಕಲಂ ಉಂಟು. ಕೈಯೆತ್ತಿ ಹೆಚ್ಚು ಕೊಟ್ಟದ್ದಕ್ಕೆ ಯಾವ ಕಲಮೂ ಇಲ್ಲ.

ಇದನ್ನು ಕಾನೂನಿನೊಳಗೆ ತಂದವನು ಒಬ್ಬನಿದ್ದ: ಕೌಟಿಲ್ಯ. ನಮ್ಮ ಮೈಸೂರಿನ ಓರಿಯಂಟಲ್ ಲೈಬ್ರರಿಯಲ್ಲಿ ಆರ್. ಶಾಮಶಾಸ್ತ್ರಿಗಳ ಕೈಗೆ ಸಿಕ್ಕಿ 1909ರಲ್ಲಿ ಅಚ್ಚಾದ ಅರ್ಥಶಾಸ್ತ್ರದಲ್ಲಿ ಪೌತವಾಧ್ಯಕ್ಷ ಎಂಬ ಅಧಿಕಾರಿ ಬರುತ್ತಾನೆ. ತೂಕ-ಅಳತೆಗಳ ಯಜಮಾನ. ಬಟ್ಟುಗಳನ್ನು ಕಬ್ಬಿಣದಲ್ಲೋ, ಮಗಧ ಅಥವಾ ಮೇಕಲದ ಕಲ್ಲಿನಲ್ಲೋ, ಇಲ್ಲವೇ ನೀರು ತಾಗಿದರೆ ಹೆಚ್ಚದ, ಬಿಸಿ ತಾಗಿದರೆ ಕುಗ್ಗದ ವಸ್ತುವಿನಲ್ಲೋ ಮಾಡಿಸಬೇಕು. ನಾಲ್ಕು ತಿಂಗಳಿಗೊಮ್ಮೆ ಮುದ್ರೆ. ಮುದ್ರೆಯಿಲ್ಲದ ಬಟ್ಟಿಗೆ 27 ಕಾಲು ಪಣ ದಂಡ. ಆ ಕಾಲನ್ನು ಬಿಡದಿರುವುದರಲ್ಲೇ ಅವನು ಅಸಲಿ ಅಧಿಕಾರಿ ಎಂದು ಗೊತ್ತಾಗುತ್ತದೆ. ಇಷ್ಟೆಲ್ಲ ಬಿಗಿ ಮಾಡಿದವನೇ ಹೇಳುತ್ತಾನೆ: ತುಪ್ಪ ಮಾರುವವನು 32ರಲ್ಲಿ 1 ಪಾಲು ಮೇಲೆ ಕೊಡಬೇಕು, ಎಣ್ಣೆಯವನು 64ರಲ್ಲಿ 1 ಪಾಲು, ಅಳೆಯುವಾಗ ಪಾತ್ರೆಗೆ ಅಂಟಿ ಸೋರಿಹೋಗುವುದಕ್ಕೆಂದು ದ್ರವಗಳಿಗೆ 50ರಲ್ಲಿ 1 ಪಾಲು. ಕಾಯಿಸಿದ ತುಪ್ಪ ಮನೆಗೆ ಹೋಗಿ ಹೆಪ್ಪಾದಾಗ ಕಡಿಮೆಯಾಗಿ ಕಾಣುತ್ತದೆಂದು ಅವನಿಗೆ ಗೊತ್ತಿತ್ತು. ಕೊಳ್ಳುವವಳ ಡಬ್ಬಿಯೊಳಗೆ ಇಣುಕಿ ನೋಡಿದ ಶಾಸನಕರ್ತ ಅವನು. ಕ್ರೂರಿ ಎಂದು ಹೆಸರಾದವನಿಂದ ಕೊಸರಿನ ಆಜ್ಞೆ. ಕಲ್ಯಾಣರಾಜ್ಯದ ನಾವು ಅದನ್ನು ಮರೆತೆವು.

ನಮ್ಮ ಅಂಗಡಿಗೆ ಕಂಪನಿಯ ಪೊಟ್ಟಣಗಳು ಬಂದದ್ದು ಆಮೇಲೆ. 1977ರ ಪೊಟ್ಟಣ ಸಾಮಗ್ರಿಗಳ ನಿಯಮಗಳ ಪ್ರಕಾರ ತಯಾರಕರ ಹೆಸರು, ನಿವ್ವಳ ತೂಕ, ತಿಂಗಳು-ವರ್ಷ, ಬೆಲೆ ಎಲ್ಲ ಮೇಲೆ ಅಚ್ಚಾಗಬೇಕು. ಮೊದಮೊದಲು ಬೆಲೆಯ ಜೊತೆಗೆ 'ಸ್ಥಳೀಯ ತೆರಿಗೆ ಪ್ರತ್ಯೇಕ' ಎಂಬ ಸಾಲಿರುತ್ತಿತ್ತು. ಆ ಪ್ರತ್ಯೇಕ ಎಷ್ಟೆಂಬುದು ಗಿರಾಕಿಯ ಮುಖ ನೋಡಿ ನಿರ್ಧಾರವಾಗುತ್ತಿತ್ತು. 1990ರಲ್ಲಿ ಎಲ್ಲ ತೆರಿಗೆ ಸೇರಿದ ಗರಿಷ್ಠ ಮಾರಾಟ ಬೆಲೆ, ಅಂದರೆ ಎಂ.ಆರ್.ಪಿ. ಕಡ್ಡಾಯವಾದಾಗ ದೊಡ್ಡಪ್ಪ ಎರಡು ದಿನ ಮಂಕಾಗಿದ್ದರು. "ಇನ್ನು ನಾನು ಯಾಕೆ ಬೇಕು? ಬೆಲೆ ಅವರೇ ಬರೆದಿದ್ದಾರೆ, ತೂಕ ಅವರೇ ತುಂಬಿದ್ದಾರೆ. ನಾನು ಬರೀ ಎತ್ತಿ ಕೊಡೋನು" ಎಂದರು. ಮರುವರ್ಷ ಜುಲೈನಲ್ಲಿ ದೆಹಲಿಯಲ್ಲಿ ಕೈಗಾರಿಕಾ ಲೈಸೆನ್ಸುಗಳನ್ನು ಬಹುಪಾಲು ಎತ್ತಿಹಾಕಿದರು. ಪೇಪರಿನವರೆಲ್ಲ ದೇಶಕ್ಕೆ ಬಿಡುಗಡೆ ಎಂದು ಬರೆದರು. ನಮ್ಮ ಗೋಡೆಯ ಮೇಲಿನ ಒಂದು ಕಟ್ಟೂ ಕೆಳಗಿಳಿಯಲಿಲ್ಲ.

ಪೊಟ್ಟಣಕ್ಕೆ ಕೊಸರು ಹಾಕುವುದು ಹೇಗೆ? ದೊಡ್ಡಪ್ಪ ಪ್ರಯತ್ನಪಟ್ಟರು. ಸೋಪು ಕೊಂಡವರಿಗೆ ಎರಡು ಏಲಕ್ಕಿ, ಚಹಾಪುಡಿ ಕೊಂಡವರಿಗೆ ಶುಂಠಿಯ ತುಂಡು. ಅವರ ಮಗ ತಡೆದ. ಅವನು ಬಿ.ಕಾಂ.

ಈಗ ಅಂಗಡಿ ಮೊಮ್ಮಗನದು. ಗೋಡೆಯ ಮೇಲಿನ ಕಟ್ಟುಗಳ ಜಾಗದಲ್ಲಿ ನಂಬರುಗಳು: ಆಹಾರ ಸುರಕ್ಷತೆಯದು 14 ಅಂಕಿ, ಜಿ.ಎಸ್.ಟಿ.ಯದು 15 ಅಕ್ಷರ-ಅಂಕಿ. ತಕ್ಕಡಿ ಹೋಗಿ ಎಲೆಕ್ಟ್ರಾನಿಕ್ ಯಂತ್ರ ಬಂದಿದೆ. ಮೊದಲು ಮುದುಕಿಯರು "ಮುಳ್ಳು ನೋಡಿ ತೂಗೋ ಅಪ್ಪಯ್ಯ" ಎಂದು ಗದರಿಸುತ್ತಿದ್ದರು. ಈಗ ಕೆಂಪು ಅಂಕಿ ಚಕ್ಕನೆ ಹೊತ್ತಿ, ಓದುವಷ್ಟರಲ್ಲಿ ಮುಂದಿನ ಗಿರಾಕಿಯದಾಗಿರುತ್ತದೆ. 2025ರ ಜುಲೈನಲ್ಲಿ ವಾಣಿಜ್ಯ ತೆರಿಗೆಯವರು ಯುಪಿಐ ವಹಿವಾಟಿನ ಲೆಕ್ಕ ಹಿಡಿದು ಸಣ್ಣ ಅಂಗಡಿಗಳಿಗೆ ನೋಟಿಸು ಕಳಿಸಿದಾಗ, ಬೇಕರಿ, ಕಾಂಡಿಮೆಂಟ್ಸು, ತರಕಾರಿ ಗಾಡಿಗಳವರೆಲ್ಲ ರಾತ್ರೋರಾತ್ರಿ ಕ್ಯೂಆರ್ ಚೀಟಿ ಕಿತ್ತು 'ಕ್ಯಾಶ್ ಮಾತ್ರ' ಎಂದು ಬರೆದರಲ್ಲ, ನಮ್ಮ ಹುಡುಗನೂ ಬರೆದ. ತೆರಿಗೆಯೇ ಇಲ್ಲದ ತರಕಾರಿ, ಹಾಲು ಮಾರುವವರಿಗೂ ನೋಟಿಸು ಹೋಗಿತ್ತು. ಕೊನೆಗೆ ಮುಖ್ಯಮಂತ್ರಿಗಳೇ ವರ್ತಕರನ್ನು ಕೂರಿಸಿಕೊಂಡು ಮಾತಾಡಬೇಕಾಯಿತು. ಯಾವ ಅಧಿಕಾರಿಯೂ ಅಂಗಡಿಯ ಮೆಟ್ಟಿಲು ಹತ್ತಿರಲಿಲ್ಲ, ಫೋನು ಹೇಳಿತ್ತು. ಹತ್ತಿದ್ದರೆ ಕೊತ್ತಂಬರಿಸೊಪ್ಪಿನ ಕಟ್ಟು ಕಣ್ಣಿಗೆ ಬೀಳುತ್ತಿತ್ತು.

ಕಾಯ್ದೆಗಳು ಕಡಿಮೆಯಾಗಿಲ್ಲ. 2009ರ ಕಾನೂನು ಮಾಪನಶಾಸ್ತ್ರ ಕಾಯ್ದೆ 2011ರ ಏಪ್ರಿಲಿನಿಂದ ಜಾರಿಯಲ್ಲಿದೆ. ಹಳೆಯ ತಕ್ಕಡಿ, ಬಟ್ಟುಗಳಿಗೆ 24 ತಿಂಗಳಿಗೊಮ್ಮೆ, ಎಲೆಕ್ಟ್ರಾನಿಕ್ ಯಂತ್ರಕ್ಕೆ 12 ತಿಂಗಳಿಗೊಮ್ಮೆ ಪರೀಕ್ಷೆ, ಮುದ್ರೆ. ಪೆಟ್ರೋಲ್ ಬಂಕಿನಲ್ಲಿ ಮುದ್ರೆಯೊತ್ತಿದ 5 ಲೀಟರಿನ ಮಾಪು ಇರಬೇಕು, ಗಿರಾಕಿ ಕೇಳಿದರೆ ಅಳೆದು ತೋರಿಸಬೇಕು. ದೊಡ್ಡಪ್ಪನ ರಕ್ತ ಮೈಯಲ್ಲಿದೆಯಲ್ಲ, ಒಂದು ಭಾನುವಾರ ಬೆಳಿಗ್ಗೆ ಒಂದು ಬಂಕಿನಲ್ಲಿ ಕೇಳಿಯೇಬಿಟ್ಟೆ. ಹುಡುಗ ನನ್ನನ್ನು ಮೇಲಿಂದ ಕೆಳಗೆ ನೋಡಿ ಮ್ಯಾನೇಜರನ್ನು ಕರೆದ. ಮ್ಯಾನೇಜರು, "ಪೇಪರಿನೋರಾ ಸಾರ್?" ಎಂದರು. ಅಲ್ಲವೆಂದೆ. "ರಿಟೈರ್ ಆಗಿದೀರಾ?" ಎಂದರು. ಹೌದೆಂದೆ. ಅವರ ಮುಖದಲ್ಲಿ ಎಲ್ಲವೂ ಅರ್ಥವಾದ ಶಾಂತಿ ಮೂಡಿತು. ಮಾಪನ್ನು ಎಲ್ಲಿಂದಲೋ ಹುಡುಕಿ, ಧೂಳು ಝಾಡಿಸಿ ತಂದರು. ಹಿಂದೆ ಐದಾರು ಸ್ಕೂಟರುಗಳು ಹಾರ್ನು ಬಾರಿಸುತ್ತಿದ್ದವು. ಅಳೆದರೆ ಸರಿಯಾಗಿ ಗೆರೆಗೆ ನಿಂತಿತು. "ಸಮಾಧಾನ ಆಯ್ತಾ ಸಾರ್?" ಎಂದರು. ಆಗಿತ್ತು. ಹಾರ್ನು ಬಾರಿಸಿದವರಿಗೂ ಆ ಅಳತೆಯ ಲಾಭ ಉಚಿತವಾಗಿ ಸಿಕ್ಕಿತ್ತು, ಅವರಿಗೆ ಗೊತ್ತಾಗಲಿಲ್ಲ ಅಷ್ಟೆ.

ಸರ್ಕಾರದ ಕಣ್ಣಿಗೆ ಇನ್ನೂ ಬೀಳದ ಅಳತೆಗಳು ಊರಿನಲ್ಲಿ ಉಳಿದಿವೆ. ಬಸವನಗುಡಿಯ ಕಡಲೆಕಾಯಿ ಪರಿಷೆಯಲ್ಲಿ ಕಾಯಿ ಇವತ್ತಿಗೂ ಸೇರಿನಲ್ಲೇ. ಕಡಲೆಪುರಿಯೂ ಹಾಗೆಯೇ. ಇನ್ನು ಹೂವಿನವಳು ಮೊಳ ಹಾಕುವುದು ತನ್ನ ಮೊಳಕೈಯಿಂದ. 1956ರಿಂದ ಈವರೆಗಿನ ಯಾವ ಕಾಯ್ದೆಯೂ ಆ ತೋಳಿನ ಮೇಲೆ ಮುದ್ರೆ ಒತ್ತಿಲ್ಲ. ನಮ್ಮ ಬೀದಿಗೆ ಬರುವಾಕೆ ಕುಳ್ಳಿ. ಆಕೆಯ ಮೊಳ ನನ್ನ ಮುಕ್ಕಾಲು ಮೊಳ. ನನ್ನ ಹೆಂಡತಿ ಅವಳಲ್ಲಿ ಬಿಟ್ಟು ಬೇರೆ ಕಡೆ ಹೂವು ಕೊಳ್ಳುವುದಿಲ್ಲ. ಮೊಳ ಮುಗಿದ ಮೇಲೆ ಆಕೆ ಇನ್ನೊಂದು ಗೇಣು ಬಿಟ್ಟು ಕತ್ತರಿಸುತ್ತಾಳೆ.

ಅತ್ತ ಬಿಸ್ಕತ್ತಿನ ಪೊಟ್ಟಣ ನೋಡಿ. ಎಷ್ಟೋ ವರ್ಷಗಳಿಂದ ಐದು ರೂಪಾಯಿಗೆ ಐದೇ ರೂಪಾಯಿ. ಒಳಗಿನ ಗ್ರಾಂ ಮಾತ್ರ ಸದ್ದಿಲ್ಲದೆ ಇಳಿಯುತ್ತ ಬಂದಿದೆ. ಮೊದಲು ಬಿಸ್ಕತ್ತು, ಚಹಾ, ಸೋಪು ಮುಂತಾದವನ್ನು ಇಂತಿಂಥ ತೂಕದಲ್ಲೇ ಕಟ್ಟಬೇಕೆಂಬ ಪಟ್ಟಿ ನಿಯಮಗಳಲ್ಲಿತ್ತು. 2022ರಲ್ಲಿ ಆ ಪಟ್ಟಿಯನ್ನು ತೆಗೆದು, ಅದರ ಬದಲು ಗ್ರಾಮಿಗೆ ಎಷ್ಟು, ಮಿಲಿಲೀಟರಿಗೆ ಎಷ್ಟು ಎಂಬ ದರ ಅಚ್ಚು ಹಾಕಿ ಎಂದರು. ಅಚ್ಚು ಹಾಕುತ್ತಾರೆ. ಅಕ್ಷರ ಎಷ್ಟು ಮಿಲಿಮೀಟರು ಎತ್ತರವಿರಬೇಕೆಂದೂ ನಿಯಮವಿದೆ. ಅಷ್ಟೇ ಎತ್ತರ ಇರುತ್ತದೆ, ಒಂದು ಕೂದಲೆಳೆ ಹೆಚ್ಚಿಲ್ಲ. ನಮ್ಮ ದೊಡ್ಡಪ್ಪ ನೂರು ಗ್ರಾಂ ಬೇಳೆಯಲ್ಲಿ ಹತ್ತು ಗ್ರಾಂ ಕಡಿಮೆ ತೂಗಿದ್ದರೆ ಅದು ಅಪರಾಧ. ದೊಡ್ಡ ಕಂಪನಿ ಅದೇ ಹತ್ತು ಗ್ರಾಂ ತೆಗೆದು, ಉಳಿದ ತೂಕವನ್ನು ಪೊಟ್ಟಣದ ಮೇಲೆ ಬರೆದರೆ ಅದು ಪ್ರಾಮಾಣಿಕತೆ. ಎರಡು ತೀರ್ಪೂ ಕಾನೂನಿನ ಪ್ರಕಾರ ಸರಿ, ಆದರೆ ಇದು ನ್ಯಾಯವಲ್ಲ. ಕಾವಲು ಇರಬೇಕಾದದ್ದೇ, ಆದರೆ ರಾಗಿಯವನ ಪರವಾಗಿ ಕೇಳಿದ ಆ ಪ್ರಶ್ನೆಯನ್ನು ಬಿಸ್ಕತ್ತು ತಿನ್ನುವ ಮಗುವಿನ ಪರವಾಗಿ ಈಗ ಯಾರೂ ಕೇಳುತ್ತಿಲ್ಲ.

ಆದ್ದರಿಂದ ಓದುಗರಲ್ಲಿ ಒಂದು ಮಾತು. ತೂಕದ ಯಂತ್ರದ ಪರಿಶೀಲನಾ ಪ್ರಮಾಣಪತ್ರವನ್ನು ಅಂಗಡಿಯಲ್ಲಿ ಎಲ್ಲರಿಗೂ ಕಾಣುವ ಕಡೆ ಇಡಬೇಕೆಂಬ ನಿಯಮ ಇವತ್ತಿಗೂ ಇದೆ. ಕಾಣದಿದ್ದರೆ ಕೇಳಿ. ಪೊಟ್ಟಣ ಕೊಳ್ಳುವಾಗ ಬೆಲೆಯ ಜೊತೆ ಗ್ರಾಂ ಕೂಡ ಓದಿ. ಕನ್ನಡಕ ಮರೆತಿದ್ದರೆ ಪಕ್ಕದ ಹುಡುಗನಿಂದ ಓದಿಸಿ. ಬೀದಿಯ ಗಾಡಿಯಲ್ಲಿ ತರಕಾರಿ ಕೊಂಡಾಗ, ತೂಕ ಮುಗಿದ ಮೇಲೆ, ಎರಡು ಎಸಳು ಕರಿಬೇವು ಕೇಳುವುದನ್ನು ಬಿಡಬೇಡಿ. ಕೊಟ್ಟರೆ ನಾಳೆಯೂ ಅಲ್ಲಿಗೇ ಹೋಗಿ. ಬೈದರೆ ಅಂಗಡಿ ಬದಲಾಯಿಸಿ.